ವೀರಭದ್ರನ ಗುಡಿಯ ಫ್ಯಾನು

ನಮ್ಮ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮ್ಮದು ಸಾಂಗಲಿಯ ಅರಿಸಿನ ವ್ಯಾಪಾರದ ಮನೆ. ಒಂದು ದಿನ ಎದುರಿಗೆ ಕೂತಿದ್ದ ನನ್ನನ್ನು ಚೀಲವೆಂದು ತಿಳಿದು, ಕೈಯಾಡಿಸಿ, ಮಾಲು ಯಾವ ಊರಿನದೆಂದು ಕೇಳಿದಳು. ಇನ್ನು ತಡಮಾಡಿದರೆ ಕಷ್ಟವೆಂದು ಮಿರಜಿನ ಕಣ್ಣಿನ ಡಾಕ್ಟರು ಹೇಳಿದ್ದರು. ಆಪರೇಶನ್ನಿಗೆ ಅಜ್ಜಿ ತಯಾರಿದ್ದಳು. ದೇವರ ಅಪ್ಪಣೆಯೊಂದು ಬೇಕಿತ್ತು.

ಓಣಿಯ ವೀರಭದ್ರನ ಗುಡಿಯಲ್ಲಿ ಅಯ್ಯನವರು ಮೂರ್ತಿಯ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಒಂದೊಂದು ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಅಜ್ಜಿ ಮೂರು ಸೋಮವಾರ ಕೇಳಿದಳು. ಮೂರು ಸಲವೂ ಎಡಗಡೆಯದು ಬಿತ್ತು.

ನಾನಾಗ ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ವಿಚಾರಿಸಿದೆ. ಆ ಬೇಸಿಗೆಯಲ್ಲಿ ಓಣಿಯ ಯಾರಿಗೂ ಬಲಗಡೆಯ ಹೂ ಬಿದ್ದಿರಲಿಲ್ಲ. ಎರಡು ಮದುವೆ ನಿಂತಿದ್ದವು. ಊರೆಲ್ಲ ಕಲರ್ ಟಿವಿ, ಸ್ಕೂಟರು ಕೊಳ್ಳುತ್ತಿದ್ದಾಗ ನಮ್ಮ ಓಣಿ ಅಪ್ಪಣೆ ಸಿಗದೆ ಇನ್ನೂ ಸೈಕಲ್ ತುಳಿಯುತ್ತಿತ್ತು.

ಕಾರಣ ಹುಡುಕಿದವನು ಕಾಕಾ, ಅಜ್ಜಿಯ ಕಿರಿಯ ಮಗ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕುಪವಾಡದ ಕೈಗಾರಿಕಾ ಪ್ರದೇಶದಲ್ಲಿ ವರ್ಕ್‌ಶಾಪ್ ತೆಗೆದು ಮೇಲೆ ಬಂದ ಭಕ್ತರೊಬ್ಬರು ಆ ಬೇಸಿಗೆಗೆಂದೇ ಗುಡಿಗೆ ಫ್ಯಾನು ಕೊಟ್ಟಿದ್ದರು. ಮೂರೂ ರೆಕ್ಕೆಯ ಮೇಲೆ ಅವರ ಹೆಸರಿತ್ತು, ತಿರುಗುವಾಗ ಓದಲಾಗುತ್ತಿರಲಿಲ್ಲ. ಮಾಳಿಗೆಯ ಹಳೆಯ ಕೊಂಡಿ ಒಂದು ಬದಿಗಿದ್ದುದರಿಂದ ಗಾಳಿಯೆಲ್ಲ ಎಡಭುಜಕ್ಕೇ ಬೀಸಿ, ಆ ಹೂ ಬೇಗ ಒಣಗಿ ಬೀಳುತ್ತಿತ್ತು.

"ಅವ್ವಾ, ಬ್ಯಾಡ ಅನ್ನಾಕತ್ತಿದ್ದು ವೀರಭದ್ರ ಅಲ್ಲ, ಫ್ಯಾನ್. ಬಂದ್ ಮಾಡಿ ಕೇಳೂಣು."

"ಕೋರ್ಟಿನ್ಯಾಗ ಜಡ್ಜಸಾಹೇಬರ ಫ್ಯಾನ್ ಬಂದ್ ಮಾಡ್ತೀ ಏನ್ ನೀ? ಸೆಕಿಗೆ ಸಿಟ್ಟಿಗೆದ್ದು ಎರಡು ವರ್ಷ ಹೆಚ್ಚಿಗಿ ಬರೀತಾರ."

ಅಯ್ಯನವರೂ ಒಪ್ಪಲಿಲ್ಲ. "ಫ್ಯಾನ್ ಕೊಟ್ಟಾವ್ರು ದಿನಾ ಬಂದು ನೋಡಿ ಹೋಗ್ತಾರ್ರಿ ಮಾಸ್ತರ. ಅದು ಬಂದ್ ಇದ್ರ ನನ್ನ ಬಂದ್ ಮಾಡ್ತಾರ."

ನಾಲ್ಕನೆಯ ಸೋಮವಾರ ಬಂತು. ಇನ್ನು ಕೇಳುವುದಿಲ್ಲ, ಇದೇ ಕೊನೆ ಎಂದು ಅಜ್ಜಿ ಹೇಳಿದ್ದಳು. ಹೂ ಅಂಟಿಸಿದ ಕೂಡಲೇ ಫ್ಯಾನು ನಿಂತಿತು. "ಲಾಯಿಟ್ ಗೇಲಿ!" ಕರೆಂಟು ಹೋಯಿತೆಂದು ಕಾಕಾ ಬಾಗಿಲಿನಿಂದ ಮರಾಠಿಯಲ್ಲಿ ಕೂಗಿದ, ಅಗತ್ಯಕ್ಕಿಂತ ಜೋರಾಗಿ. ಕರೆಂಟು ಹೋಗುವುದು ಆ ದಿನಗಳಲ್ಲಿ ಸುದ್ದಿಯಲ್ಲ. ಆದರೆ ಮೀಟರಿನ ಹಲಗೆ ಅವನ ಪಕ್ಕದಲ್ಲೇ ಇತ್ತು, ಅಂಗಿಯ ಜೇಬು ಉಬ್ಬಿತ್ತು. ಇದನ್ನು ನಾನು ಕಂಡೆ, ವರದಿ ಮಾಡಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತ ಎಲ್ಲರೂ ಕಾದೆವು. ಬಲಗಡೆಯ ಹೂ ಜಾರಿ ಬಿತ್ತು. ಕಾಕಾನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಒಂದು ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೀಲ ಅಂದಿದ್ದು ಭಾಳ ತಪ್ಪೇನಲ್ಲ" ಎಂದಳು. ಆಮೇಲೆ ಕಾಕಾನತ್ತ ತಿರುಗಿದಳು.

"ಗುಡಿ ಫ್ಯೂಜ್ ತಿರುಗಿ ಹಾಕಿದ್ಯೋ ಇಲ್ಲೋ?"

"ಯಾವ ಫ್ಯೂಜ್?" ಎಂದ ಕಾಕಾ.

"ಹೋಗಿದ್ದು ನನ್ನ ಕಣ್ಣು, ಕಿವಿ ಅಲ್ಲ. ಗಿರಣಿ ನಡದೇ ಇತ್ತು. ಗಿರಣಿಗಿರೂ ಕರೆಂಟು ದೇವರಿಗಷ್ಟ ಹೆಂಗ ಹೋಗ್ತೈತಿ?"

"ಗೊತ್ತಿದ್ದೂ ಯಾಕ ಒಪ್ಪಿದಿ?"

"ಬಂದ್ ಮಾಡಿದ ಪಾಪ ನಿಂದು. ಹೂ ಕೆಡವಿದಾವ ಅಂವಾ. ಫ್ಯಾನ್ ನಿಂತ ಮ್ಯಾಲೂ ಎಡಗಡಿದು ಬೀಳಬಹುದಿತ್ತಿಲ್ಲ?"

"ಬೀಳಬಹುದಿತ್ತು. ಎರಡಕ್ಕೂ ಸಮಾ ಸಮಾ. ಅದಕ್ಕ ಯೋಗಾಯೋಗ, ಆಕಸ್ಮಿಕ ಅಂತಾರ, ಅವ್ವಾ."

"ಬರೇ ಯೋಗಾಯೋಗ ಆಗಿದ್ರ, ಬಾಗಲದಾಗ ನಿಂತು ವೀರಭದ್ರಾ ವೀರಭದ್ರಾ ಅಂತ ಯಾಕ ಗೊಣಗತಿದ್ದಿ? ಅದೂ ಕೇಳಿಸ್ತು."

ತಾನು ಸೆಕೆಂಡು ಎಣಿಸುತ್ತಿದ್ದೆನೆಂದ ಕಾಕಾ. ಅವನ ಪಕ್ಕದಲ್ಲಿ ನಿಂತಿದ್ದವನು ನಾನು. ಆ ಎಣಿಕೆಯಲ್ಲಿ ಅಂಕಿಗಳಿರಲಿಲ್ಲ.

"ಇರ್ಲಿ. ಸೋಮವಾರ ಇನ್ನೊಂದು ಕಣ್ಣಿಂದು ಕೇಳೂದೈತಿ, ಲಗೂನ ಬಾ" ಎಂದಳು ಅಜ್ಜಿ. "ಈ ಸಲ ಲಾಯಿಟ್ ಗೇಲಿ ಅಂತ ಒದರಬ್ಯಾಡ. ದೇವರಿಗೆ ಗೊತ್ತಿರ್ತೈತಿ."