ತಾಹೇರಸಾಬನ ಕಿತ್ತಳೆ ಬಟ್ಟೆ

ಗಂಗಾವತಿಯ ರೈಸ್ ಮಿಲ್ಲಿನ ಗೇಟು ಕಾಯುವ ಮಾಜಿ ಹವಾಲ್ದಾರ ತಾಹೇರಸಾಬ, ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ಕುಡಿಯುತ್ತಿದ್ದ ಚಹಾ ಬಿಟ್ಟು ಅಂಗಳಕ್ಕೆ ಓಡುತ್ತಾನೆ. ಆಗ ಅವನ ಕಣ್ಣಿಗೆ ಭತ್ತದ ರಾಶಿಯೇ ವೈರಿ ಕೂತ ಗುಡ್ಡ, ಹಮಾಲರೆಲ್ಲ ಅದರ ಬುಡದಲ್ಲಿ ಸಿಕ್ಕಿಬಿದ್ದ ಜವಾನರು. “ಮ್ಯಾಲಿಂದ ಗುಂಡು ಸುರಿಯೋ ಗನ್‌ಶಿಪ್ ಬಂತ್ರಿ, ಇನ್ನ ಆ ಗುಡ್ಡ ಉಳಿಯಂಗಿಲ್ಲ” ಎನ್ನುತ್ತ ಕಿತ್ತಳೆ ಬಣ್ಣದ ಉದ್ದನೆಯ ಬಟ್ಟೆಯೊಂದನ್ನು ನೆಲಕ್ಕೆ ಹಾಸುತ್ತಾನೆ. ಬಂದದ್ದು ಮಂತ್ರಿಯ ಹೆಲಿಕಾಪ್ಟರ್ ಇರಲಿ, ಗದ್ದೆಗೆ ಔಷಧ ಹೊಡೆಯುವ ಡ್ರೋನ್ ಇರಲಿ, ಹಾಸುವುದು ತಪ್ಪದು. “ನಮ್ಮವರು ಎಲ್ಲಿ ಅದಾರಂತ ಮ್ಯಾಲಿದ್ದವಗ ಗೊತ್ತಾಗಬೇಕ್ರಿ, ಇಲ್ಲಂದ್ರ ನಮ್ಮ ಮ್ಯಾಲೇ ಗುಂಡು ಬೀಳ್ತಾವು.” ಇಷ್ಟುದ್ದದ ಬಟ್ಟೆ ಎಲ್ಲಿಯದೆಂದು ಹಮಾಲ ಉಮಾಪತಿ ಕೇಳಿದಾಗ ಮಾತ್ರ ಅವನ ದನಿ ತಗ್ಗಿತು: “ಲಡಾಯಿಯಾಗ ಅವತ್ತು ಹಾಸಾಕ ನಮ್ಮ ಕಡೆ ಏನೂ ಇರಲಿಲ್ಲ. ಪಂಜಾಬಿ ಗೆಳೆಯ ಬಲವಂತಸಿಂಗ ತನ್ನ ತಲಿ ರುಮಾಲು ಬಿಚ್ಚಿ ಕೊಟ್ಟ. ನಾವು ಉಳಿದ್ವಿ. ತಿರುಗಿ ಅದನ್ನ ಕಟ್ಟಿಕೊಳ್ಳಾಕ ಅವ ಉಳೀಲಿಲ್ಲ.”