ಪಾಲುದಾರ ಅಂದ್ರ ಏನ್ರಿ?

‘ಮೊದಲ ದಿನವೇ ಮೂವರು ಮಕ್ಕಳಿಗೂ ನಷ್ಟವಾಯಿತು’ ಎಂದು ನಾನು ಗಟ್ಟಿಯಾಗಿ ಓದಿದೆ.

ಬಳ್ಳೊಳ್ಳಿ ಸುಲಿಯುತ್ತಿದ್ದ ನನ್ನ ಹೆಂಡತಿ ನೀಲಮ್ಮ ತಲೆ ಎತ್ತದೆ ಹೇಳಿದಳು: “ಚೊಲೊ ಆತು ಬಿಡ್ರಿ. ಖಾಲಿ ಹೊಟ್ಟಿಲೆ ಎಷ್ಟೊತ್ತಂತ ದುಡಿತಾವ ಹುಡುಗೂರು?”

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಆಕೆಗೆ ಕೇಳಿಸಿದ್ದು ನಷ್ಟವಲ್ಲ, ನಾಷ್ಟಾ!

ಆಕೆಯ ತಪ್ಪೇನಿದೆ ಹೇಳಿ? ನಿಲಂಗಾದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತೆಂಟು ವರ್ಷಗಳಿಂದ ನಮ್ಮದು ನಾಷ್ಟಾದ ಅಂಗಡಿ. ದಿನ ಬೆಳಗಾದರೆ ಸುಸಲಾ, ಇಡ್ಲಿ, ಭಜಿ. ನಷ್ಟವಾದರೆ ನಮ್ಮ ಮನೆಯಲ್ಲಿ ‘ಲುಕ್ಸಾನ ಆತು’ ಅನ್ನುತ್ತೇವೆ. ಬಾಜಾರದಲ್ಲಿ ಮರಾಠಿಯವರು ಅದನ್ನೇ ‘ತೋಟಾ’ ಅನ್ನುತ್ತಾರೆ. (‘ತೋಟಾ ಆಯ್ತು’ ಅಂದರೆ ಗಡಿಯ ಆಚೆ ಕರ್ನಾಟಕದವರು ಎಷ್ಟು ಎಕರೆ ಎಂದು ಕೇಳಿಯಾರು.) ‘ನಷ್ಟ’ ಎಂಬ ಪದ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದು ಅವತ್ತೇ ಮೊದಲು.

ಐವತ್ತಾರು ವರ್ಷದ ಮನುಷ್ಯ ಮಕ್ಕಳ ಕಾದಂಬರಿ ಯಾಕೆ ಓದುತ್ತಿದ್ದ ಎನ್ನುತ್ತೀರಾ? ಕಾರಣ ನಿಮ್ಮಂಥ ಓದುಗರೇ. ನಿಮ್ಮಲ್ಲೊಬ್ಬರು ಕನ್ನಡ ಶಾಲೆಯ ಗುರೂಜಿ. ದಿನವೂ ನಮ್ಮಲ್ಲೇ ತಿನ್ನುತ್ತಾರೆ, ವಾರಕ್ಕೊಮ್ಮೆ ಈ ಅಂಕಣದಲ್ಲಿ ನನ್ನನ್ನು ಓದುತ್ತಾರೆ. ಒಂದು ದಿನ ಚಹಾ ಕುಡಿಯುತ್ತಾ ಅಂದರು: “ಅಣ್ಣಾರ, ನಿಮ್ಮ ಅಂಕಣ ಛಂದ ಇರತದ. ಆದ್ರ ಶಬ್ದ ಕಮ್ಮಿ ಅವ ನೋಡ್ರಿ. ಒಂದೇ ಹಿಟ್ಟಿನಾಗ ಇಡ್ಲಿ, ದ್ವಾಸಿ, ಉತ್ತಪ್ಪಾ ಎಲ್ಲಾ ತಗೀತೀರಿ.”

ಮರುದಿನ ಒಂದು ಪುಸ್ತಕ ತಂದು ನನ್ನ ಮುಂದಿಟ್ಟರು. ಮುಖಪುಟದಲ್ಲಿ ಜಡೆ ಹಾಕಿದ ಹುಡುಗಿ, ಲಿಂಬೆಹಣ್ಣಿನ ಬುಟ್ಟಿ! ಮೈ ಉರಿಯಿತು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ನಿಮಗೆ ಗೊತ್ತು. ಅದನ್ನು ನಾನು ಮುಚ್ಚಿಟ್ಟಿಲ್ಲ, ಮೆರೆಸಿದ್ದೇನೆ. ‘ಯಾರ ಹಂಗೂ ಇಲ್ಲದೆ, ಒಬ್ಬನೇ, ಎರಡು ಕೈಯಿಂದ ಕಟ್ಟಿದ ಅಂಗಡಿ ಇದು’ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ? ಅಂಥವನ ಕೈಗೆ ಬಾಲವಾಡಿಯ ಪುಸ್ತಕವೇ?

“ಸಿಟ್ಟಾಗಬ್ಯಾಡ್ರಿ,” ಅಂದರು ಗುರೂಜಿ. “ಬಿಟ್ಟಲ್ಲಿಂದನೇ ಹಿಡೀಬೇಕಲ್ಲ?”

ಹಿಡಿದೆ. ಕಥೆ ಸರಳ. ಪದ್ಮಾ ಎಂಬ ಹುಡುಗಿ, ಇಬ್ಬರು ಹುಡುಗರು ಸೇರಿ ಆಟದ ಬಯಲಿನ ಹೊರಗೆ ಲಿಂಬು ಶರಬತ್ತು, ಶೇಂಗಾ ಚಿಕ್ಕಿಯ ಅಂಗಡಿ ಹಾಕುತ್ತಾರೆ. ಬೀಳುತ್ತಾರೆ, ಏಳುತ್ತಾರೆ. ಪುಟಕ್ಕೊಂದು ಹೊಸ ಪದ. ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ನಾನು ಓದುವುದು, ಮರುದಿನದ ತಯಾರಿ ಮಾಡುತ್ತಾ ನೀಲಮ್ಮ ಕೇಳುವುದು ರೂಢಿಯಾಯಿತು. ಆಕೆಗೆ ಅಕ್ಷರ ಬರುವುದಿಲ್ಲ. ಈ ಅಂಕಣವನ್ನೂ ಕಳಿಸುವ ಮೊದಲು ಆಕೆಗೆ ಓದಿ ಹೇಳುತ್ತೇನೆ. ನಿಮಗಿಂತ ಹಳೆಯ ಓದುಗಾರ್ತಿ ಆಕೆ.

‘ಮಕ್ಕಳು ಬಂಡವಾಳಕ್ಕಾಗಿ ಊರೆಲ್ಲ ತಿರುಗಿದರು’ ಎಂದಿತ್ತು. ನನಗೆ ಗೊತ್ತಿದ್ದದ್ದು ಜಗಳದ ಬಂಡವಾಳ. ‘ನಿನ್ನ ಬಂಡವಾಳ ಬಯಲಿಗೆ ಎಳೀತೀನಿ’ ಅನ್ನುತ್ತೇವಲ್ಲ, ಅದು. ಇಷ್ಟು ಸಣ್ಣ ಮಕ್ಕಳು ಯಾರ ಗುಟ್ಟು ಹುಡುಕುತ್ತಿದ್ದಾರಪ್ಪಾ ಎಂದು ಗಾಬರಿಯಾಯಿತು. ಇದು ನಮ್ಮ ಬಾಜಾರದ ‘ಭಾಂಡವಲ’ ಎಂದು ತಿಳಿಯಲು ಎರಡು ಪುಟ ದಾಟಬೇಕಾಯಿತು.

ಆಮೇಲೆ ‘ಪ್ರತಿಸ್ಪರ್ಧಿ’. ನಮ್ಮ ಎದುರಿನ ಅಂಗಡಿಯವನಿಗೆ ಇಷ್ಟು ಮರ್ಯಾದೆಯ ಹೆಸರಿದೆ ಎಂದು ಯಾರಿಗೆ ಗೊತ್ತಿತ್ತು? (ನಾನು ಇಷ್ಟು ವರ್ಷ ಅವನನ್ನು ಕರೆದ ಹೆಸರನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.)

ಆಮೇಲೆ ‘ಉದ್ಯಮಿ’. ಓದಿ ನಾನೇ ಎದ್ದು ನಿಂತೆ.

“ಕೇಳಿದೇನು? ನಾ ಬರೇ ಅಂಗಡಿಯಾಂವ ಅಲ್ಲ. ಉದ್ಯಮಿ!”

“ಹಂಗಂದ್ರ ನಾಳಿಂದ ಭಾಂಡೆ ತೊಳಿಯಾಕ ಆಳು ಇಡತೀರೇನ್ರಿ?” ಅಂದಳು ನೀಲಮ್ಮ.

ಕುಳಿತುಕೊಂಡೆ.

ಪದ ಗೊತ್ತಿಲ್ಲ ಎಂದು ಬದುಕು ನಿಲ್ಲುವುದಿಲ್ಲ. ಬಂಡವಾಳ ಅನ್ನಲು ಬಾರದೆಯೇ ನಾನು ಒಲೆ ಹೂಡಿದವನು. ಆದರೆ ಪದ ಒಮ್ಮೆ ಮನೆಯೊಳಗೆ ಬಂತೋ, ಅದು ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಹೊಸ ಸೊಸೆಯ ಹಾಗೆ ಎಲ್ಲ ಡಬ್ಬಿ ತೆರೆದು ನೋಡುತ್ತದೆ. ಇದರಲ್ಲಿ ಏನಿದೆ, ಇದು ಇಲ್ಲಿ ಯಾಕಿದೆ, ಇದು ಯಾರದು?

ಅಂಥ ಪದ ಬಂದದ್ದು ಕಥೆ ಅರ್ಧ ಮುಗಿದ ಮೇಲೆ. ಹುಡುಗರಲ್ಲೊಬ್ಬ ಜಾಗ ಬದಲಿಸೋಣ ಅನ್ನುತ್ತಾನೆ. ಇನ್ನೊಬ್ಬ ತಡೆಯುತ್ತಾನೆ: ಪದ್ಮಾ ನಮ್ಮ ಪಾಲುದಾರಳು, ಅವಳನ್ನು ಕೇಳದೆ ಏನೂ ಮಾಡುವಂತಿಲ್ಲ.

“ಪಾಲುದಾರ ಅಂದ್ರ ಏನ್ರಿ?” ಅಂದಳು ನೀಲಮ್ಮ.

“ಧಂದಾದಾಗ ಪಾಲು ಇದ್ದಾಂವ. ಪಾರ್ಟ್ನರ್ ಅಂತಾರಲ್ಲ, ಅದಾ.”

“ಆ ಹುಡುಗಿ ರೊಕ್ಕಾ ಹಾಕ್ಯಾಳೇನು?”

“ಇಲ್ಲ.”

“ಮಾರಾಕ ನಿಂತಾಳೇನು?”

“ಇಲ್ಲ. ಮನ್ಯಾಗ ಕುಂತು ಚಿಕ್ಕಿ ಮಾಡತಾಳ.”

ನೀಲಮ್ಮ ಒರಳಿಗೆ ಶೇಂಗಾ ಸುರಿಯುತ್ತಿದ್ದವಳು ಕೈ ತಡೆದಳು. “ಮತ್ತ ನಾ ಏನ್ರಿ?”

“ನೀ ನನ್ನ ಹೇಣ್ತಿ.”

“ಅದು ಲಗ್ನದ್ದಾತು. ನಾ ಕೇಳಿದ್ದು ಧಂದಾದ್ದು.”

ನಕ್ಕುಬಿಡೋಣ ಎಂದು ನೋಡಿದೆ. ಆಕೆ ನಗುತ್ತಿರಲಿಲ್ಲ. “ಏ, ಇದು ಹುಡುಗೂರ ಕಥಿ. ಕಥ್ಯಾಗ ಏನರ ಬರೀತಾರ,” ಅಂದೆ.

“ನೀವೂ ಬರೀತೀರಲ್ರಿ. ಒಬ್ಬನೇ ಕಟ್ಟೀನಿ, ಎರಡು ಕೈಲೆ ಕಟ್ಟೀನಿ ಅಂತ. ಎಷ್ಟು ಸಲ ಓದಿ ಹೇಳೀರಿ, ನಾನೂ ಹೂಂ ಅಂದೀನಿ. ನನ್ನ ಕೈ ಎಲ್ಲಿ ಹೋದವು?”

ಪುಸ್ತಕ ಮುಚ್ಚಿದೆ. ಮೂರು ದಿನ ತೆರೆಯಲಿಲ್ಲ.

ನಿಮಗೆ ಸುಳ್ಳು ಹೇಳುವುದಿಲ್ಲ, ನನಗೆ ಸಿಟ್ಟು ಬಂದಿತ್ತು. ಹದಿನಾಲ್ಕನೇ ವಯಸ್ಸಿಗೆ ಉಮರ್ಗಾದ ಹೋಟೆಲಿನಲ್ಲಿ ಕಪ್ಪು-ಬಶಿ ತೊಳೆದವನು ಯಾರು? ನಾನು. ಈ ಜಾಗಕ್ಕಾಗಿ ಹತ್ತು ಜನರ ಮುಂದೆ ನಿಂತವನು ಯಾರು? ನಾನು. ಆಕೆಗೆ ನಾನು ಏನು ಕಡಿಮೆ ಮಾಡಿದ್ದೇನೆ? ಸೀರೆ ಇಲ್ಲವೇ? ಬಂಗಾರ ಇಲ್ಲವೇ? ಹೀಗೆಲ್ಲ ಮನಸ್ಸಿನಲ್ಲೇ ವಾದ ಮಾಡಿದೆ. ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತು, ಆಕೆ ಕೇಳಿದ ಒಂದನ್ನು ಬಿಟ್ಟು. ಸೀರೆ ಕೊಡುವುದು ಹೆಂಡತಿಗೆ. ಆಕೆ ಕೇಳಿದ್ದು ಅದನ್ನಲ್ಲವಲ್ಲ?

ಅಷ್ಟರಲ್ಲಿ ಉದಗೀರದಿಂದ ಆಕೆಯ ತಂಗಿಯ ಫೋನ್ ಬಂತು. ಮೊಮ್ಮಗನ ತೊಟ್ಟಿಲ ಕಾರ್ಯ, ಎರಡು ದಿನಕ್ಕೆ ಬಾ ಎಂದು. ನೀಲಮ್ಮ ಹೊರಟಳು. ಸಿಟ್ಟಿನಿಂದ ಹೋದಳೇ? ಇಲ್ಲ. (ಹೋಗಿದ್ದರೆ ಚೆನ್ನಾಗಿತ್ತು. ಜಗಳವಾದರೆ ನಾನು ಗೆಲ್ಲುತ್ತೇನೆ.) ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು: “ಚಟ್ನಿ ಎರಡು ದಿನದ್ದು ಕುಟ್ಟಿ ಇಟ್ಟು ಹೋಗಲೇನ್ರಿ?”

“ಏನೂ ಬ್ಯಾಡ. ಇಪ್ಪತ್ತೆಂಟು ವರ್ಷ ನೋಡೀನಿ. ಅದರಾಗೇನದ?”

“ಆತು ಬಿಡ್ರಿ,” ಎಂದು ಬಸ್ ಹತ್ತಿದಳು.

ಏನಿದೆ ಅದರಲ್ಲಿ? ಶೇಂಗಾ, ಬಳ್ಳೊಳ್ಳಿ, ಖಾರ, ಉಪ್ಪು. ಅದೇ ಡಬ್ಬಿ, ಅದೇ ಖಾರದ ಪುಡಿ. ಒರಳಿನ ಬದಲು ಮಿಕ್ಸರ್ ಹಚ್ಚಿದೆ. (ಪುಸ್ತಕದ ಭಾಷೆಯಲ್ಲಿ ‘ಯಂತ್ರೋಪಕರಣ’.) ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಯಿತು. ಉಪ್ಪು ಎಷ್ಟು? ಆಕೆ ಹಾಕುವಾಗ ಕೈ ನೋಡಿದ್ದೇನೆ, ಅಳತೆ ನೋಡಿರಲಿಲ್ಲ. ಇಪ್ಪತ್ತೆಂಟು ವರ್ಷ ನಾನು ನೋಡಿದ್ದಾದರೂ ಏನು?

ಬೆಳಗ್ಗೆ ಮೊದಲ ಪಾಳಿಯ ಬಸ್ಸಿನ ಡ್ರೈವರ್ ಬಂದ. ಗುಂಜೋಟಿ ಕಡೆಯವನು, ವರ್ಷಗಳ ಗಿರಾಕಿ. ನಮ್ಮ ಮನೆಯ ಮಾತು, ಪುಸ್ತಕ ಯಾವುದೂ ಅವನಿಗೆ ಗೊತ್ತಿಲ್ಲ. ಒಳಗಿನ ಅಡುಗೆಯ ಖೋಲಿಯತ್ತ ಕೂಡ ಅವನು ಎಂದೂ ಇಣುಕಿಲ್ಲ. ಇಡ್ಲಿ ಮುರಿದ, ಚಟ್ನಿ ಹಚ್ಚಿದ, ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ಪ್ಲೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

“ಯಾಕ ಕಾಕಾ,” ಅಂದ, “ಚಟ್ನಿ ಕೈ ಬದಲಾದಂಗದ. ಮಾಲಕರು ಇವತ್ತ ಊರಾಗಿಲ್ಲೇನ್ರಿ?”

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವನು ನಾನೇ.