ಎತ್ತಿಗೊಂದು ಸೋಮವಾರ

ಹಗಲು ಮಲಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೆಟ್ರಿಕ್ ಮುಗಿಸಿ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮೇಲ್ವಿಚಾರಕನಾದವನು, ಮುದುಕನಾಗಿ ಹೊರಬೀಳುವತನಕ ಒಂದು ಮಧ್ಯಾಹ್ನವೂ ಬೆನ್ನು ನೆಲಕ್ಕೆ ಹಚ್ಚಲಿಲ್ಲ. ಯಾರಾದರೂ ರಜೆ ಕೇಳಿದರೆ, “ಯಾಕಲೇ, ನಿಮ್ಮಜ್ಜಿ ಮತ್ತ ಸತ್ತಳೇನು?” ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಕೇಳಿದವನನ್ನು ಬಿಟ್ಟು. ಅದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟಿದ್ದೆ.

ಮಗಳು ಸವಿತಾ ಎಂಜಿನಿಯರಾಗಿ ಜಪಾನಿನ ಕಾರ್ಖಾನೆಗೆ ಹೊರಟಾಗ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಜೊತೆ ಈ ಶಿಸ್ತನ್ನೂ ಕಟ್ಟಿಕೊಟ್ಟೆ: “ಸಾಹೇಬ ಖುರ್ಚಿ ಬಿಟ್ಟು ಏಳೂತನಕ ನೀ ಏಳಬ್ಯಾಡವ್ವಾ.” ಅಲ್ಲಿ ಸಾಹೇಬನೂ ತನ್ನ ಸಾಹೇಬ ಏಳಲೆಂದು ಕಾಯುತ್ತಾನೆ ಎಂದು ನನಗೇನು ಗೊತ್ತು?

ವಿಜಯಪುರದಲ್ಲಿ ನಾವು ದೀಪ ಹಚ್ಚಿ ರೊಟ್ಟಿಗೆ ಕೂಡುವ ಹೊತ್ತಿಗೆ ಅಲ್ಲಿ ಊರು ಮಲಗಿರುತ್ತದೆ. ಇವಳು ಆಗ ರೈಲಿಳಿದು, ಕೋಣೆಗೆ ನಡೆಯುತ್ತ ಫೋನ್ ಮಾಡುತ್ತಾಳೆ. ಕಳೆದ ತಿಂಗಳು ಮಾತಿನ ನಡುವೆ ದನಿಯೇ ನಿಂತುಹೋಯಿತು. ನಾನು ಒದರಿದ್ದಕ್ಕೆ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು. ಕಡೆಗೆ ಕೇಳಿತು: “ದಾರ್ಯಾಗ ಬೆಂಚಿನ ಮ್ಯಾಲ ಕುಂತಿದ್ನೆಪ್ಪಾ, ಕಣ್ಣ ಹತ್ತಿಬಿಡ್ತು. ಏನಿಲ್ಲ ಬಿಡು.” ಅಂದಿನಿಂದ ಫೋನ್ ಬಂದರೆ ಎದೆ ಹಾರುತ್ತದೆ, ಬಾರದಿದ್ದರೆ ಇನ್ನೂ ಹೆಚ್ಚು.

ನಮ್ಮೂರು ಜೈನಾಪುರದಲ್ಲಿ ನಮ್ಮಪ್ಪ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಭೂಮಿ ಎಷ್ಟೇ ಹದವಾಗಿರಲಿ, ಅದು ಬಸವಣ್ಣನ ವಾರ. ಎತ್ತು ರಜೆ ಕೇಳುವುದಿಲ್ಲ, ಅಜ್ಜಿಯನ್ನು ಸಾಯಿಸುವುದೂ ಇಲ್ಲ. ಹೂಡುವವನೇ ತಿಳಿದು ಬಿಡುವು ಕೊಡಬೇಕು. ಅಂಥ ಮನೆಯಲ್ಲಿ ಬೆಳೆದ ನಾನು ಮಗಳಿಗೆ ವಾರದ ಆರು ದಿನ ಮಾತ್ರ ಕಲಿಸಿದೆ.

ನಿನ್ನೆ ಸವಿತಾಳ ಫೋನ್ ಬಂದಾಗ ಮನಸ್ಸು ಗಟ್ಟಿಮಾಡಿ ಅಂದೆ: “ಯವ್ವಾ, ‘ನಮ್ಮಪ್ಪಗ ಭಾಳ ಜಡ್ಡಾಗೇತಿ’ ಅಂತ ಹೇಳಿ ರಜಾ ತಗೋ. ತಗೊಂಡು ಮಲಕ್ಕೋ.”

ಮತ್ತೆ ಕಣ್ಣು ಹತ್ತಿತೇ ಎಂದು ನಾನು ಒದರುವಷ್ಟರಲ್ಲಿ ಆ ಕಡೆಯಿಂದ ನಗು ಕೇಳಿಸಿತು.

“ಹ್ವಾದ ಸೋಮವಾರನ ಹೇಳೀನೆಪ್ಪಾ! ಒಂದ ದಿನ ಸತ್ತಂಗ ಮಲಗಿದ್ದೆ. ನೀ ಹಾಸಿಗಿ ಹಿಡದೀ ಅಂತ ಇಲ್ಲೆ ಎಲ್ಲಾರಿಗೂ ಗೊತ್ತೈತಿ. ಪಾಪ, ನಮ್ಮ ಸಾಹೇಬ ದಿನಾ ಕೇಳ್ತಾನ.”

“ಹಂಗಾರ ಜಡ್ಡ ಜಾಸ್ತಿ ಆಗೇತಿ ಅನ್ನು. ಎರಡ ದಿನ ಕೇಳು.”

“ಕೇಳ್ತೀನಿ,” ಅಂದಳು. ಈ ಸಲ ನಗಲಿಲ್ಲ.

ಇವತ್ತು ಮಧ್ಯಾಹ್ನ ಊಟ ಮುಗಿಸಿ, ಹಾಸಿಗೆ ಬಿಡಿಸಿ, ಮಲಗಿದೆ. ಹೆಂಡತಿ ಗಾಬರಿಯಾಗಿ ಬಂದು ಹಣೆ ಮುಟ್ಟಿದಳು. “ಯಾಕ್ರಿ, ಆರಾಮಿಲ್ಲೇನು?”

“ಇಲ್ಲ,” ಎಂದು ಮುಸುಕೆಳೆದೆ. “ಸವಿತಾನ ರಜಾ ಮುಗಿಯೂತನಕ ಆರಾಮಿಲ್ಲ.”